ಸೂರ್ಯನ ಮೇಲೊಂದು ಸಾಸಿವೆ ಕಾಳು

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಫೋಟೋ ಹಾಕಿದ್ದೆ. 2016ರ ಮೇ 9ರ ಸಂಜೆ, ನಮ್ಮ ಮನೆ ತಾರಸಿಯಿಂದ ತೆಗೆದ ಬುಧ ಸಂಕ್ರಮಣ. ದುಂಡಗಿನ ಸೂರ್ಯ, ಅದರ ಮೇಲೊಂದು ಕಪ್ಪು ಚುಕ್ಕಿ, ಅಷ್ಟೇ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಸಂಕ್ರಮಣ ಅಂದರೆ ಜನವರಿಯಲ್ಲಿ ಎಳ್ಳು ಬೆಲ್ಲ ಹಂಚೋದು ಅಲ್ವಾ ಸಾರ್? ಇದ್ಯಾವ ಸಂಕ್ರಮಣ? ಮತ್ತೆ ಯಾವಾಗ? (ತುಮಕೂರಿನ ಓದುಗರು)

ಹೆಸರು ಒಂದೇ, ವಿಷಯ ಬೇರೆ. ಮಕರ ಸಂಕ್ರಮಣದಲ್ಲಿ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುತ್ತಾನೆ. ಇಲ್ಲಿ ಗ್ರಹವೊಂದು ನಮಗೂ ಸೂರ್ಯನಿಗೂ ನಡುವೆ ಬಂದು ಸೂರ್ಯನ ಮುಖವನ್ನು ದಾಟುತ್ತದೆ. ನಮಗಿಂತ ಒಳಗಿನ ದಾರಿಯಲ್ಲಿ ಸುತ್ತುವ ಗ್ರಹಗಳಿಗೆ ಮಾತ್ರ ಇದು ಸಾಧ್ಯ, ಅಂದರೆ ಬುಧ ಮತ್ತು ಶುಕ್ರ. ಪ್ರತಿ ಸುತ್ತಿನಲ್ಲೂ ಯಾಕೆ ಆಗಲ್ಲ ಅಂದರೆ, ಅವುಗಳ ದಾರಿ ನಮ್ಮ ದಾರಿಗೆ ಸ್ವಲ್ಪ ವಾರೆಯಾಗಿದೆ. ಬುಧನದು 7 ಡಿಗ್ರಿ, ಶುಕ್ರನದು 3.4 ಡಿಗ್ರಿ. ಹಾಗಾಗಿ ಬಹಳ ಸಲ ಸೂರ್ಯನ ಮೇಲಿಂದಲೋ ಕೆಳಗಿಂದಲೋ ಜಾರಿಕೊಂಡು ಹೋಗುತ್ತವೆ. ಬುಧ ನೂರು ವರ್ಷಕ್ಕೆ 13 ಅಥವಾ 14 ಸಲ ಸಿಗುತ್ತಾನೆ. ಶುಕ್ರ ಮಾತ್ರ ಮಹಾ ಜಿಪುಣ. 2004ರ ಜೂನ್ 8, 2012ರ ಜೂನ್ 6, ಇನ್ನು 2117ರ ಡಿಸೆಂಬರ್‌ಗೇ. ನಾವ್ಯಾರೂ ಇರುವುದಿಲ್ಲ ಬಿಡಿ.

ನಮಗೆ ಉಳಿದಿರುವುದು ಬುಧ. 2032ರ ನವೆಂಬರ್ 13, ಶನಿವಾರ. ನಮ್ಮ ಸಮಯ ಮಧ್ಯಾಹ್ನ ಸುಮಾರು 12 ಗಂಟೆ 11 ನಿಮಿಷಕ್ಕೆ ಶುರುವಾಗಿ ಸಂಜೆ 4 ಗಂಟೆ 37ರ ಹೊತ್ತಿಗೆ ಮುಗಿಯುತ್ತದೆ. ಮೊದಲಿಂದ ಕೊನೆಯವರೆಗೂ ಪೂರ್ತಿ ಕರ್ನಾಟಕದಿಂದಲೇ ನೋಡಬಹುದು. ಕ್ಯಾಲೆಂಡರ್ ಸಿಕ್ಕ ದಿನವೇ ಗುರುತು ಹಾಕಿಡಿ.

ನನ್ನ ಹತ್ತಿರ ಡಿಎಸ್‌ಎಲ್‌ಆರ್ ಮತ್ತು 300 ಎಂಎಂ ಲೆನ್ಸ್ ಇದೆ. ಬುಧ ಸಿಗುತ್ತಾನಾ ಅಥವಾ ದೊಡ್ಡ ಟೆಲಿಸ್ಕೋಪ್ ಕೊಳ್ಳಲೇಬೇಕಾ? (ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿ)

ಸಿಗುತ್ತಾನೆ, ಆದರೆ ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಸೂರ್ಯನನ್ನು ಒಂದಡಿ ಅಗಲದ ದೋಸೆ ಹೆಂಚು ಅಂತ ಅಂದುಕೊಂಡರೆ ಶುಕ್ರ ಅದರ ಮೇಲೆ ಕಡಲೆಕಾಳು, ಬುಧ ಸಾಸಿವೆ ಕಾಳು. ಲೆಕ್ಕ ಹೀಗಿದೆ: ಲೆನ್ಸಿನ ಫೋಕಲ್ ಲೆಂತನ್ನು (ನೀವು ಹೇಳಿದ 300 ಎಂಎಂ ಅದೇ) 109ರಿಂದ ಭಾಗಿಸಿ, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಸೂರ್ಯ ಎಷ್ಟು ಮಿಲಿಮೀಟರ್ ಬರುತ್ತಾನೆ ಅಂತ ಗೊತ್ತಾಗುತ್ತದೆ. ನಿಮ್ಮ 300ಕ್ಕೆ ಮೂರು ಮಿಲಿಮೀಟರೂ ಇಲ್ಲ. ನವೆಂಬರ್ ಸಂಕ್ರಮಣದಲ್ಲಿ ಬುಧ ಸೂರ್ಯನ 194ರಲ್ಲಿ ಒಂದು ಪಾಲು. ಅಂದರೆ ನಿಮ್ಮ ಫೋಟೋದಲ್ಲಿ ಅವನು ಮೂರು ನಾಲ್ಕು ಪಿಕ್ಸೆಲ್. ಕಾಣುತ್ತಾನೆ, ದುಂಡಗೆ ಕಾಣುವುದಿಲ್ಲ. 1000 ಎಂಎಂ ಇರುವ ಸಣ್ಣ ಟೆಲಿಸ್ಕೋಪ್ ಸಾಕು, ಹನ್ನೆರಡು ಪಿಕ್ಸೆಲ್ ಹತ್ತಿರ ಬರುತ್ತಾನೆ, ಆಗ ನೋಡಿದವರು ‘ಓ!’ ಅನ್ನುತ್ತಾರೆ. ಯಾರದಾದರೂ ಸಾಲ ತಗೊಳ್ಳಿ. ಕೊಳ್ಳಬೇಡಿ.

ಎಕ್ಸ್‌ಪೋಷರ್ ಆಟೋ ಇಡಬೇಡಿ. ಸುತ್ತ ಕಪ್ಪು ಇರುವುದರಿಂದ ಕ್ಯಾಮೆರಾ ಗೊಂದಲಕ್ಕೆ ಬಿದ್ದು ಸೂರ್ಯನನ್ನು ಬಿಳಿ ಸುಣ್ಣ ಮಾಡಿಬಿಡುತ್ತದೆ. ಒಳ್ಳೆಯ ಫಿಲ್ಟರ್ ಹಾಕಿ, ಐಎಸ್‌ಒ 100, ಎಫ್/8, ಸೆಕೆಂಡಿನ 500ನೇ ಒಂದು ಭಾಗದಿಂದ ಶುರು ಮಾಡಿ ಮೇಲೆ ಕೆಳಗೆ ಮಾಡಿಕೊಳ್ಳಿ. ಆಟೋಫೋಕಸ್ ಕೂಡ ಬೇಡ. ಸೂರ್ಯನ ಅಂಚನ್ನೋ ಒಂದು ಸೌರಕಲೆಯನ್ನೋ (ಸೂರ್ಯನ ಮೇಲೆ ಕಾಣುವ ಕಪ್ಪು ಮಚ್ಚೆ) ಪರದೆ ಮೇಲೆ ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲೇ ತಿರುಗಿಸಿ. ಬಿಸಿಲಿನಲ್ಲಿ ಪರದೆ ಕಾಣುವುದೇ ಇಲ್ಲ, ಅದಕ್ಕೆ ತಲೆ ಮೇಲೆ ಕರಿ ಬಟ್ಟೆ ಹೊದ್ದುಕೊಳ್ಳಬೇಕು. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಯೋಚನೆ ಮಾಡುವವರಿಗೆ ಈ ಹವ್ಯಾಸ ಅಲ್ಲ.

ಇನ್ನೊಂದು ಮುಖ್ಯ ಮಾತು, ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಚಿತ್ರ ಕೆಡಿಸುವುದು ಸಾಮಾನ್ಯವಾಗಿ ಲೆನ್ಸ್ ಅಲ್ಲ, ಗಾಳಿ. ಕಾದ ಆರ್‌ಸಿಸಿ ತಾರಸಿಯಿಂದ ಏಳುವ ಬಿಸಿ ಗಾಳಿಯಲ್ಲಿ ಸೂರ್ಯನ ಅಂಚು ಕುದಿಯುವ ಅನ್ನದ ಗಂಜಿಯ ಹಾಗೆ ಅಲುಗುತ್ತಿರುತ್ತದೆ. ಹುಲ್ಲಿನ ಮೈದಾನ ಎಷ್ಟೋ ವಾಸಿ. ಅದಕ್ಕೇ ಈಗ ಜಾಸ್ತಿ ಜನ ಒಂದೊಂದೇ ಫೋಟೋ ತೆಗೆಯುವುದಿಲ್ಲ, ಅರ್ಧ ನಿಮಿಷದ ವಿಡಿಯೋ ಮಾಡಿ, ಆಟೋಸ್ಟಾಕರ್ಟ್‌ನಂಥ ಪ್ರೋಗ್ರಾಮಿಗೆ ಕೊಟ್ಟು, ಗಾಳಿ ಒಂದು ಕ್ಷಣ ಸುಮ್ಮನಿದ್ದಾಗ ಸಿಕ್ಕ ಫ್ರೇಮುಗಳನ್ನಷ್ಟೇ ಆರಿಸಿ ಒಂದರ ಮೇಲೊಂದು ಜೋಡಿಸುತ್ತಾರೆ. ವಿಡಿಯೋ ಉದ್ದ ಮಾಡಬೇಡಿ, ಬುಧ ಎರಡು ನಿಮಿಷದೊಳಗೆ ತನ್ನ ಅಗಲದಷ್ಟು ಜರುಗಿಬಿಡುತ್ತಾನೆ.

ಎಕ್ಸ್‌ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ವೆಲ್ಡಿಂಗ್ ಗಾಜು: ಯಾವುದು ಸಾಕು? (ಪುತ್ತೂರು, ಚಿತ್ರದುರ್ಗ ಮತ್ತು ಇನ್ನೂ ನಾಲ್ಕು ಕಡೆಯಿಂದ)

ಮೊದಲ ಎರಡು ಬೇಡವೇ ಬೇಡ. ಬೆಳಕು ಕಡಿಮೆಯಾಯಿತು ಅಂತ ಕಣ್ಣಿಗೆ ಅನಿಸುತ್ತದೆ, ಆದರೆ ಕಾಣದ ಅತಿಗೆಂಪು ಕಿರಣ ಒಳಗೆ ನುಗ್ಗುತ್ತಲೇ ಇರುತ್ತದೆ. ಕಣ್ಣಿನ ಪರದೆ ಸುಡುವಾಗ ನೋವೇ ಆಗುವುದಿಲ್ಲ, ಅದೇ ಅಪಾಯ. ವೆಲ್ಡಿಂಗ್ ಗಾಜು 14ನೇ ನಂಬರ್ ಆದರೆ ಬರಿಗಣ್ಣಿಗೆ ಹಿಡಿದು ನೋಡಲು ಅಡ್ಡಿಯಿಲ್ಲ, ಸೂರ್ಯ ಹಸಿರಾಗಿ ಕಾಣುತ್ತಾನೆ. ಆದರೆ ಬುಧ ಬರಿಗಣ್ಣಿಗೆ ಕಾಣುವಷ್ಟು ದೊಡ್ಡವನಲ್ಲ. ಫೋಟೋಗೆ ಸೋಲಾರ್ ಫಿಲ್ಮ್ ಅಂತಲೇ ಸಿಗುವ ಬೆಳ್ಳಿ ಹಾಳೆ ತಗೊಳ್ಳಿ. ಡೆನ್ಸಿಟಿ 5 ಅಂತ ಇದ್ದರೆ ಲಕ್ಷದಲ್ಲಿ ಒಂದು ಪಾಲು ಬೆಳಕು ಮಾತ್ರ ಬಿಡುತ್ತದೆ. 3.8 ಅಂತಲೂ ಒಂದು ಸಿಗುತ್ತದೆ, ಅದು ಕ್ಯಾಮೆರಾಗೆ ಮಾತ್ರ, ಅದನ್ನು ಹಾಕಿ ಕಣ್ಣಿಟ್ಟು ನೋಡಬಾರದು.

ಫಿಲ್ಟರ್ ಯಾವತ್ತೂ ಟೆಲಿಸ್ಕೋಪಿನ ಮುಂದಿನ ಬಾಯಿಗೆ, ಹಿಂದೆ ಕಣ್ಣಿಡುವ ಕಡೆಗಲ್ಲ. ಹಳೆಯ ಟೆಲಿಸ್ಕೋಪ್‌ಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಕರಿ ಗಾಜು ಬರುತ್ತಿತ್ತು, ಬಿಸಿಗೆ ಅದು ಪಟ್ ಅಂತ ಸೀಳುತ್ತದೆ. ಮನೆಯಲ್ಲಿದ್ದರೆ ಈಗಲೇ ಕಸಕ್ಕೆ ಹಾಕಿ. ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಫೈಂಡರ್ ದುರ್ಬೀನಿಗೂ ಮುಚ್ಚಳ ಹಾಕಿ. ಮುಂದೆ ಹಾಕಿದ ಫಿಲ್ಟರನ್ನು ನಾಲ್ಕು ಕಡೆ ಟೇಪ್ ಹಾಕಿ ಬಿಗಿ ಮಾಡಿ, ನವೆಂಬರ್ ಗಾಳಿಗೆ ಅದು ಹಾರಿಹೋದರೆ ಫೋಟೋ ಅಲ್ಲ, ಕಣ್ಣು ಹೋಗುತ್ತದೆ.

ಫಿಲ್ಟರೇ ಇಲ್ಲದೆ ಮಾಡುವ ದಾರಿಯೂ ಒಂದಿದೆ: ಸಣ್ಣ ಟೆಲಿಸ್ಕೋಪಿನಿಂದ ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿ ಆ ಕಾಗದದ ಫೋಟೋ ತೆಗೆಯುವುದು. 1631ರಲ್ಲಿ ಖಗೋಳಜ್ಞ ಕೆಪ್ಲರ್ ಹಾಕಿಟ್ಟ ಲೆಕ್ಕ ನಂಬಿ ಪ್ಯಾರಿಸ್ಸಿನಲ್ಲಿ ಗಸೆಂಡಿ ಅನ್ನುವ ಫ್ರೆಂಚ್ ಖಗೋಳಜ್ಞರು ಬುಧನನ್ನು ಮೊದಲು ನೋಡಿದ್ದು ಹೀಗೆಯೇ. ಬುಧ ಎಷ್ಟು ಚಿಕ್ಕದಾಗಿದ್ದ ಅಂದರೆ ಅವರು ಮೊದಲು ಅದು ಸೌರಕಲೆ ಅಂತಲೇ ತಿಳಿದಿದ್ದರು.

ನೀವು ಹಾಕಿದ ಚುಕ್ಕಿ ಬುಧನೇ, ಸೌರಕಲೆ ಅಲ್ಲ ಅಂತ ಹೇಗೆ ನಂಬೋದು? (ಮೈಸೂರಿನ ನಿವೃತ್ತ ಮೇಷ್ಟ್ರು)

ಮೇಷ್ಟ್ರೇ, ಗಸೆಂಡಿಗೇ ಬಂದ ಅನುಮಾನ ಅದು, ನಿಮಗೆ ಬಂದದ್ದು ತಪ್ಪಲ್ಲ. ಸೌರಕಲೆಯ ನಡು ಕಪ್ಪು, ಸುತ್ತ ಬೂದು ಬಣ್ಣದ ಅಂಚು, ಆಕಾರ ಅಂಕುಡೊಂಕು. ಬುಧ ಕೈವಾರ ಹಾಕಿ ಕತ್ತರಿಸಿದ ಹಾಗೆ ದುಂಡಗೆ, ಕಲೆಗಿಂತ ಕಡುಕಪ್ಪು. ಎಲ್ಲಕ್ಕಿಂತ ಮುಖ್ಯ, ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ ತೆಗೆದರೆ ಕಲೆ ಅಲ್ಲೇ ಇರುತ್ತದೆ, ಬುಧ ಮುಂದೆ ಹೋಗಿರುತ್ತಾನೆ.

ಆದರೆ ನಿಜ ಒಪ್ಪಿಕೊಳ್ಳಬೇಕು. ಅವತ್ತು ಸಂಜೆ 4 ಗಂಟೆ 42ಕ್ಕೆ ಶುರು ಅಂತ ಗೊತ್ತಿತ್ತು. ಐದು ಗಂಟೆಗೆ ಪರದೆಯಲ್ಲಿ ಒಂದು ಕಪ್ಪು ಚುಕ್ಕಿ ಕಂಡಿತು. ಮನೆಯವರನ್ನೆಲ್ಲ ಕೂಗಿ ಮೇಲೆ ಕರೆದು ತೋರಿಸಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಸೂರ್ಯ ಚೌಕಟ್ಟಿನಿಂದ ಜಾರಿದ ಅಂತ ಟ್ರೈಪಾಡ್ ತಿರುಗಿಸಿದರೆ, ಸೂರ್ಯ ಪಕ್ಕಕ್ಕೆ ಹೋದ, ಚುಕ್ಕಿ ಇದ್ದಲ್ಲೇ ಇತ್ತು! ಅದು ಸೆನ್ಸರ್ ಮೇಲೆ ಕೂತ ಧೂಳು. ಬುಧ ಬೇರೆ ಅಂಚಿನಲ್ಲಿ, ಅದರ ಅರ್ಧದಷ್ಟು ಗಾತ್ರದಲ್ಲಿ ಸುಮ್ನೆ ನಡೆಯುತ್ತಿದ್ದ. ನಾನು ಯಾರಿಗೂ ಹೇಳಲಿಲ್ಲ, ಇವತ್ತು ಹೇಳುತ್ತಿದ್ದೇನೆ. ಅನುಮಾನ ಬಂದರೆ ಕ್ಯಾಮೆರಾ ಅಲುಗಿಸಿ ನೋಡಿ.

2012ರಲ್ಲಿ ಶುಕ್ರನ ಫೋಟೋ ಸೂರ್ಯೋದಯದಿಂದ ಹತ್ತು ಗಂಟೆ ತನಕ ತೆಗೆದಿದ್ದೆ. ಎಲ್ಲ ಜೋಡಿಸಿದರೆ ದಾರಿ ನೆಟ್ಟಗೆ ಬರದೆ ಬಾಗಿದೆ. ಶುಕ್ರ ನೆಟ್ಟಗೆ ಹೋಗಲ್ವಾ? (ಬೆಂಗಳೂರು)

ಶುಕ್ರ ಹೆಚ್ಚು ಕಡಿಮೆ ನೆಟ್ಟಗೇ ಹೋದ. ತಿರುಗಿದ್ದು ನಿಮ್ಮ ಸೂರ್ಯ. ಮಾಮೂಲಿ ಟ್ರೈಪಾಡ್ ಮೇಲೆ ಕ್ಯಾಮೆರಾದ ‘ಮೇಲೆ’ ಅನ್ನುವುದು ಯಾವಾಗಲೂ ನೆತ್ತಿಯ ಕಡೆ. ಸೂರ್ಯ ಆಕಾಶದಲ್ಲಿ ಏರುತ್ತಾ ಹೋದಂತೆ ಆ ಚೌಕಟ್ಟಿನೊಳಗೆ ಅವನ ಬಿಂಬ ನಿಧಾನಕ್ಕೆ ತಿರುಗುತ್ತದೆ. ಆ ದಿನ ಬೆಂಗಳೂರಿನಲ್ಲಿ ಸೂರ್ಯೋದಯದಿಂದ ಹತ್ತು ಗಂಟೆ ಇಪ್ಪತ್ತರವರೆಗೆ ಸುಮಾರು 28 ಡಿಗ್ರಿ ತಿರುಗಿತ್ತು. ನಿಮ್ಮ ಫೋಟೋಗಳಲ್ಲಿ ಸೌರಕಲೆ ಇದ್ದರೆ ಪುಣ್ಯ. ಎಲ್ಲ ಫೋಟೋಗಳಲ್ಲೂ ಅದೇ ಎರಡು ಕಲೆ ಒಂದರ ಮೇಲೊಂದು ಕೂರುವ ಹಾಗೆ ತಿರುಗಿಸಿ ಜೋಡಿಸಿ, ದಾರಿ ನೆಟ್ಟಗಾಗುತ್ತದೆ. ಹಳೆ ಫೈಲುಗಳನ್ನು ಅಳಿಸಿಲ್ಲ ತಾನೇ?

ನಾನು ನ್ಯೂಜೆರ್ಸಿಯಲ್ಲಿದ್ದೇನೆ. 2032ರದು ಇಲ್ಲಿ ಕಾಣುತ್ತಾ?

ಇಲ್ಲ, ನಿಮ್ಮಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿದಿರುತ್ತದೆ. 2019ರ ನವೆಂಬರ್ 11ರದು ನಿಮಗೆ ಸಿಕ್ಕಿತ್ತು, ನಮಗೆ ಇಲ್ಲಿ ಸೂರ್ಯ ಮುಳುಗಿದ ಮೇಲೆ ಶುರುವಾಯಿತು. ಲೆಕ್ಕ ಸರಿಹೋಯಿತು. ದೀಪಾವಳಿ ರಜೆಗೆ ಊರಿಗೆ ಬನ್ನಿ.

ಅಷ್ಟು ವರ್ಷ ಕಾದು, ಅವತ್ತು ಮೋಡ ಬಂದರೆ? (ಶಿವಮೊಗ್ಗ)

ಬಂದರೆ ಬಂತು. ಈ ವಿಷಯದಲ್ಲಿ ನಮ್ಮೆಲ್ಲರ ಹಿರಿಯಣ್ಣ ಫ್ರಾನ್ಸಿನ ಖಗೋಳಜ್ಞ ಲ ಜಾಂಟಿ. 1761ರ ಶುಕ್ರ ಸಂಕ್ರಮಣ ನೋಡಲು ಪುದುಚೇರಿಗೆ ಹೊರಟರು. ದಾರಿಯಲ್ಲಿರುವಾಗಲೇ ಅದು ಇಂಗ್ಲಿಷರ ಕೈಸೇರಿತ್ತು, ಸಂಕ್ರಮಣದ ದಿನ ಅವರು ನಡು ಸಮುದ್ರದಲ್ಲಿ, ಅಲುಗುವ ಹಡಗಿನಿಂದ ಅಳತೆ ಮಾಡುವುದು ಹೇಗೆ? ಇನ್ನೊಂದು ಎಂಟು ವರ್ಷಕ್ಕೆ ಇದೆಯಲ್ಲ ಅಂತ ಊರಿಗೆ ಹೋಗದೆ ಈ ಕಡೆಯೇ ಉಳಿದರು. ಪುದುಚೇರಿ ಮತ್ತೆ ಫ್ರೆಂಚರದಾದ ಮೇಲೆ ಅಲ್ಲಿ ವೀಕ್ಷಣಾಲಯ ಕಟ್ಟಿಕೊಂಡು ಕಾದರು. 1769ರ ಜೂನ್ 4ರ ಬೆಳಿಗ್ಗೆ ಮೋಡ. ಸಂಕ್ರಮಣ ಮುಗಿದ ಮೇಲೆ ಬಿಸಿಲು. ಊರಿಗೆ ಹೋದರೆ, ಇವರು ಸತ್ತೇಹೋದರು ಅಂತ ತಿಳಿದು ಬಂಧುಗಳು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು.

ಇದಕ್ಕಿಂತ ಖುಷಿ ಕೊಡುವ ಕಥೆಯೂ ಇದೆ. 1874ರ ಶುಕ್ರ ಸಂಕ್ರಮಣದ ಮುಂಚೆ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಜನಸಾಮಾನ್ಯರಿಗೆ ಅಂತ ಕಿರುಪುಸ್ತಕ ಬರೆದರು, ಅದು ಕನ್ನಡದಲ್ಲೂ ಬಂತು. ನಾವು ಈ ಅಂಕಣದಲ್ಲಿ ಮಾಡುತ್ತಿರುವುದನ್ನು ಅವರು ಒಂದೂವರೆ ಶತಮಾನದ ಹಿಂದೆಯೇ ಮಾಡಿದ್ದರು.

ಶಿವಮೊಗ್ಗದವರಿಗೆ ನನ್ನ ಸಲಹೆ: ಎರಡು ದಿನ ಮುಂಚೆ ಹವಾಮಾನ ನೋಡಿ, ಅನುಮಾನ ಇದ್ದರೆ ಕಲಬುರಗಿಯದೋ ವಿಜಯಪುರದ್ದೋ ಬಸ್ ಹತ್ತಿ. ನವೆಂಬರಿನಲ್ಲಿ ಆ ಕಡೆ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ.

ಅಲ್ಲಿಯವರೆಗೆ ಏನು ಮಾಡಲಿ? (ಹುಬ್ಬಳ್ಳಿಯ ಅದೇ ವಿದ್ಯಾರ್ಥಿ, ಎರಡನೇ ಪತ್ರ)

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೂ ಆಗಾಗ ಸೂರ್ಯನ ಮುಂದೆ ಹಾದುಹೋಗುತ್ತದೆ. ಒಂದು ಸೆಕೆಂಡು, ಕೆಲವೊಮ್ಮೆ ಅದೂ ಇಲ್ಲ. ಅದು ಕಾಣುವ ಪಟ್ಟಿ ಕೆಲವೇ ಕಿಲೋಮೀಟರ್ ಅಗಲ, ಹಾಗಾಗಿ ಲೆಕ್ಕ ನೋಡಿಕೊಂಡು ಅಲ್ಲಿಗೇ ಹೋಗಿ ನಿಲ್ಲಬೇಕು. ಅದೇ ಫಿಲ್ಟರ್, ಅದೇ ಫೋಕಸ್, ಅದೇ ಕರಿ ಬಟ್ಟೆ. ಇದಕ್ಕಿಂತ ಒಳ್ಳೆ ಅಭ್ಯಾಸ ಇಲ್ಲ. ನಾನು ಮೂರು ಸಲ ಪ್ರಯತ್ನಿಸಿದೆ. ಮೊದಲ ಸಲ ಬ್ಯಾಟರಿ ಹೋಯಿತು. ಎರಡನೇ ಸಲ ಫೋನಿನ ಗಡಿಯಾರ ನಂಬದೆ ಕೈಗಡಿಯಾರ ನಂಬಿದೆ, ಅದು ಅರ್ಧ ನಿಮಿಷ ಹಿಂದಿತ್ತು. ಮೂರನೇ ಸಲ ಹನ್ನೊಂದು ಫ್ರೇಮಿನಲ್ಲಿ ಸಿಕ್ಕಿತು, ಒಂದರಲ್ಲೂ ಫೋಕಸ್ ಸರಿ ಇರಲಿಲ್ಲ.