ಸರ್ವರ್‌ನ ಸಿ ಡ್ರೈವ್ ಖಾಲಿ ಮಾಡಿದರೂ ಮತ್ತೆ ಮತ್ತೆ ತುಂಬುತ್ತಿದೆ, ಇನ್ನೇನು ಅಳಿಸಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹಾಸನದ ಸಂತೆಪೇಟೆಯಲ್ಲಿ ಸಗಟು ವ್ಯಾಪಾರ, ಹತ್ತು ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್ 2012 ಆರ್2. 100 ಜಿಬಿ ಸಿ ಡ್ರೈವ್‌ನಲ್ಲಿ ಉಳಿದಿರುವುದು 700 ಎಂಬಿ. ಬಿಲ್ ಹಾಕುವಾಗ ನಡುವೆ ನಿಂತುಬಿಡುತ್ತದೆ. ವಿಂಡೋಸ್ ಟೆಂಪ್ ಫೋಲ್ಡರ್ ಅಳಿಸಿದರೆ 20 ಜಿಬಿ ಸಿಗುತ್ತದೆ, ಮೂರು ದಿನಕ್ಕೆ ಮತ್ತೆ ಕೆಂಪು. ಡಿ ಡ್ರೈವ್ ಹೆಚ್ಚುಕಮ್ಮಿ ಖಾಲಿ ಇದೆ. ಇನ್ನೇನು ಅಳಿಸಲಿ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಮೂರು ದಿನಕ್ಕೆ 20 ಜಿಬಿ ಅಂದರೆ ಅದು ಹಳೇ ಕಸ ಅಲ್ಲ. ಈಗಲೂ ಯಾವುದೋ ಒಂದು ಬಿಡದೆ ಬರೆಯುತ್ತಿದೆ. ಅದು ಯಾವುದು ಅಂತ ಗೊತ್ತಾಗುವವರೆಗೆ ಎಷ್ಟು ಅಳಿಸಿದರೂ ಅಷ್ಟೇ.

ನಾನು ಚಿಕ್ಕಮಗಳೂರಿನಲ್ಲಿದ್ದುಕೊಂಡು ಸುತ್ತಮುತ್ತಲಿನ ಆಫೀಸುಗಳ ಸರ್ವರ್ ನೋಡಿಕೊಳ್ಳುತ್ತೇನೆ. ನೀವು ಬರೆದಿರುವ ಲಕ್ಷಣಕ್ಕೆ ನನಗೆ ಮೊದಲು ಅನುಮಾನ ಬರುವುದು ಒಂದೇ ಕಡೆ. ಸಿ ಡ್ರೈವ್, ವಿಂಡೋಸ್, ಟೆಂಪ್ ಫೋಲ್ಡರ್ ತೆಗೆದು ನೋಡಿ. ಹೆಸರು 'ಕ್ಯಾಬ್' ಅಂತ ಶುರುವಾಗಿ, ಮುಂದೆ ಅಂಕಿಗಳಿರುವ ಫೈಲುಗಳು ಸಾಲಾಗಿ ಬಿದ್ದಿವೆಯಾ? ಒಂದೊಂದೂ ಸುಮಾರು 100 ಎಂಬಿ ಇದೆಯಾ? ಹಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಆಗುವುದು ಇಷ್ಟು. ವಿಂಡೋಸ್ ಅಪ್‌ಡೇಟ್ ಹಾಕುವಾಗ ನಡೆದದ್ದನ್ನೆಲ್ಲ ಸಿಬಿಎಸ್ ಲಾಗ್ ಎಂಬ ಫೈಲಿನಲ್ಲಿ ಬರೆದುಕೊಳ್ಳುತ್ತದೆ. ಅದು ಒಂದು ಮಟ್ಟಕ್ಕೆ ಬೆಳೆದ ಮೇಲೆ ಹೆಸರು ಬದಲಿಸಿ, ಕುಗ್ಗಿಸಿ ಕ್ಯಾಬ್ ಫೈಲ್ ಮಾಡಿ ಇಡುತ್ತದೆ. ಈ ಕುಗ್ಗಿಸುವ ಕೆಲಸ ಮೇಕ್‌ಕ್ಯಾಬ್ ಅನ್ನುವ ಹಳೇ ಪ್ರೋಗ್ರಾಮಿನದು. 2 ಜಿಬಿ ದಾಟಿದ ಫೈಲನ್ನು ಕುಗ್ಗಿಸಲು ಅದಕ್ಕೆ ಆಗುವುದಿಲ್ಲ. ಲಾಗ್ ಹೇಗೋ 2 ಜಿಬಿ ದಾಟಿಬಿಟ್ಟರೆ ಮೇಕ್‌ಕ್ಯಾಬ್ ಅರ್ಧ ಕೆಲಸ ಮಾಡಿ ಸೋಲುತ್ತದೆ. ಅರ್ಧ ಆದ ಫೈಲು ಟೆಂಪ್‌ನಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಪ್ರಯತ್ನ, ಮತ್ತೆ ಸೋಲು, ಮತ್ತೊಂದು ಫೈಲು. ಹಗಲೂ ರಾತ್ರಿ ಇದೇ ನಡೆಯುತ್ತದೆ. ನೀವು ಟೆಂಪ್ ಖಾಲಿ ಮಾಡಿದಿರಿ, ಆದರೆ ಮೂಲದ ದೊಡ್ಡ ಲಾಗ್ ಫೈಲು ಇದ್ದಲ್ಲೇ ಇದೆ, ಅಲ್ವಾ? ಅದಕ್ಕೇ ಮತ್ತೆ ತುಂಬುತ್ತಿದೆ.

ಸರಿಪಡಿಸುವುದು ಕಷ್ಟವಿಲ್ಲ. ಯಾವ ಅಪ್‌ಡೇಟೂ ನಡೆಯುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಸರ್ವೀಸಸ್ ಪಟ್ಟಿಯಲ್ಲಿ ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ಅನ್ನು ನಿಲ್ಲಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೇಕ್‌ಕ್ಯಾಬ್ ಓಡುತ್ತಿದ್ದರೆ ಅದನ್ನೂ ಮುಗಿಸಿ. ಆಮೇಲೆ ವಿಂಡೋಸ್ ಫೋಲ್ಡರಿನೊಳಗೆ ಲಾಗ್ಸ್, ಅದರೊಳಗೆ ಸಿಬಿಎಸ್‌ಗೆ ಹೋಗಿ. 'ಸಿಬಿಎಸ್ ಪರ್ಸಿಸ್ಟ್' ಅಂತ ಶುರುವಾಗುವ ಭಾರಿ ಲಾಗ್ ಫೈಲನ್ನು ಡಿ ಡ್ರೈವ್‌ಗೆ ಸಾಗಿಸಿ. ಕೊನೆಯಲ್ಲಿ ಟೆಂಪ್‌ನ ಕ್ಯಾಬ್ ಫೈಲುಗಳನ್ನು ಅಳಿಸಿ. ಕ್ರಮ ತಪ್ಪಿಸಬೇಡಿ. ನಿಲ್ಲಿಸಿದ ಸರ್ವೀಸ್ ಬೇಕಾದಾಗ ತಾನಾಗಿ ಶುರುವಾಗುತ್ತದೆ. ಲಾಗ್ ಅಷ್ಟು ಬೆಳೆದದ್ದು ಯಾಕೆ ಅಂತಲೂ ನೋಡಿ. ಒಂದೇ ಅಪ್‌ಡೇಟ್ ಪದೇ ಪದೇ ಫೇಲ್ ಆಗುತ್ತಿದ್ದರೆ ಮುಂದೆಯೂ ಲಾಗ್ ಬೆಳೆಯಬಹುದು.

ಕ್ಯಾಬ್ ಫೈಲು ಇಲ್ಲವೇ? ಹಾಗಾದರೆ ಅಳತೆ ಮಾಡಬೇಕು. ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಅಂತ ತೋರಿಸುವ ವಿಜ್‌ಟ್ರೀ ಹಾಕಿಕೊಳ್ಳಿ, ಇನ್‌ಸ್ಟಾಲ್ ಮಾಡುವುದು ಡಿ ಡ್ರೈವ್‌ನಲ್ಲಿ. ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಟೇ ತೆರೆಯಿರಿ. ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಕೆಲವು ಫೋಲ್ಡರುಗಳ ಒಳಗೆ ಅದಕ್ಕೆ ಪ್ರವೇಶ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಇವತ್ತು ಸಂಜೆ ಒಂದು ಫೋಟೋ ತೆಗೆದಿಡಿ, ನಾಳೆ ಸಂಜೆ ಇನ್ನೊಂದು. ಯಾವ ಫೋಲ್ಡರ್ ದೊಡ್ಡದು ಅನ್ನುವುದಕ್ಕಿಂತ ಯಾವುದು ಬೆಳೆದಿದೆ ಅನ್ನುವುದು ಮುಖ್ಯ.

ಹಾಗೆ ನೋಡುವಾಗ, ವಿಂಡೋಸ್ ತನ್ನದೇ ಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ ಅನ್ನುವ ಫೋಲ್ಡರ್ ತುಂಬಾ ದೊಡ್ಡದಾಗಿ ಕಾಣುತ್ತದೆ. ಹೆದರಬೇಡಿ, ಕೈಯಿಂದ ಅಳಿಸಲೂ ಬೇಡಿ. ಅದರಲ್ಲಿರುವ ಎಷ್ಟೋ ಫೈಲುಗಳು ಹಾರ್ಡ್ ಲಿಂಕ್. ಒಂದೇ ಫೈಲು ಎರಡು ಕಡೆ ಕಾಣುತ್ತದೆ, ಲೆಕ್ಕವೂ ಎರಡು ಸಲ ಬೀಳುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಕಮಾಂಡಿನ ಅನಲೈಸ್ ಕಾಂಪೊನೆಂಟ್ ಸ್ಟೋರ್ ಓಡಿಸಿದರೆ ನಿಜವಾದ ಗಾತ್ರ ಹೇಳುತ್ತದೆ. ಸ್ಟಾರ್ಟ್ ಕಾಂಪೊನೆಂಟ್ ಕ್ಲೀನಪ್ ಕೊಟ್ಟರೆ ಹಳೇ ಅಪ್‌ಡೇಟುಗಳ ಉಳಿಕೆ ಹೋಗುತ್ತದೆ. ರೀಸೆಟ್ ಬೇಸ್ ಮಾತ್ರ ಸೇರಿಸಬೇಡಿ. ಅದನ್ನು ಕೊಟ್ಟರೆ ಈಗಾಗಲೇ ಹಾಕಿದ ಅಪ್‌ಡೇಟುಗಳನ್ನು ಮತ್ತೆ ತೆಗೆಯಲು ಬರುವುದಿಲ್ಲ.

ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್ ಅನ್ನುವ ಫೋಲ್ಡರ್ ದೊಡ್ಡದಿದ್ದರೆ ಅದು ಸಾಮಾನ್ಯವಾಗಿ ಶ್ಯಾಡೋ ಕಾಪಿ, ಅಂದರೆ ಫೈಲುಗಳ ಹಿಂದಿನ ಸ್ಥಿತಿಯನ್ನು ವಿಂಡೋಸ್ ಉಳಿಸಿಟ್ಟ ಪ್ರತಿ. ಡ್ರೈವ್ ಪ್ರಾಪರ್ಟೀಸ್‌ನಲ್ಲಿ ಅದಕ್ಕೊಂದು ಮಿತಿ ಹಾಕಬಹುದು.

ಇನ್ನು ಬಿಲ್ಲಿಂಗ್. ನಿಮ್ಮ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಉಚಿತ ಡೇಟಾಬೇಸ್ ಪ್ರೋಗ್ರಾಮ್ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ ಓಡುತ್ತದೆ ಅಂತ ಬರೆದಿದ್ದೀರಿ. ಈ ಭಾಗ ದಯವಿಟ್ಟು ನಿಧಾನವಾಗಿ ಓದಿ. ಪ್ರತಿ ಡೇಟಾಬೇಸಿಗೆ ಎರಡು ಫೈಲು. ಎಂಡಿಎಫ್‌ನಲ್ಲಿ ಡೇಟಾ, ಎಲ್‌ಡಿಎಫ್‌ನಲ್ಲಿ ವ್ಯವಹಾರದ ಲಾಗ್, ಅಂದರೆ ಡೇಟಾದಲ್ಲಿ ಆದ ಒಂದೊಂದು ಬದಲಾವಣೆಯ ದಾಖಲೆ. ಹೆಸರಿನಲ್ಲಿ ಲಾಗ್ ಅಂತ ಇದ್ದರೂ ಅದು ಅಳಿಸುವ ಲಾಗ್ ಅಲ್ಲ.

ಕೆಲವು ವರ್ಷದ ಹಿಂದೆ ನಮ್ಮೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಬೆಳಿಗ್ಗೆಯೇ ಫೋನ್ ಬಂತು. ಜನವರಿ ತಿಂಗಳು. ಅರೇಬಿಕಾ ಪಾರ್ಚ್‌ಮೆಂಟ್ (ಹೊಟ್ಟು ತೆಗೆಯದ ಕಾಫಿ ಬೀಜ) ಬರುವ ಕಾಲ, ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿದ್ದವು. ಡ್ರೈವ್ ತುಂಬಿತ್ತು, ಎಲ್‌ಡಿಎಫ್ 38 ಜಿಬಿ ಆಗಿತ್ತು. ಆಫೀಸಿನ ಹುಡುಗ ಎಸ್‌ಕ್ಯುಎಲ್ ನಿಲ್ಲಿಸಿ ಅದನ್ನು ಅಳಿಸಿಬಿಟ್ಟಿದ್ದ. ಜಾಗವೇನೋ ಸಿಕ್ಕಿತು, ಆದರೆ ಡೇಟಾಬೇಸ್ ತೆರೆಯದೆ ರಿಕವರಿ ಪೆಂಡಿಂಗ್ ಅಂತ ನಿಂತುಬಿಟ್ಟಿತು. ಇದ್ದ ಬ್ಯಾಕಪ್ ಎರಡು ದಿನ ಹಳೆಯದು. ಆ ಎರಡು ದಿನದ ತೂಕದ ಚೀಟಿಗಳನ್ನು ಕಾರ್ಬನ್ ಪ್ರತಿ ನೋಡಿ ನೋಡಿ ಮತ್ತೆ ಹಾಕಿದೆವು. ಮುಗಿಯುವಾಗ ರಾತ್ರಿ ಎರಡು ಗಂಟೆ. ಪಾಪ, ಆ ಹುಡುಗ ಊಟವನ್ನೂ ಮಾಡಿರಲಿಲ್ಲ. ಅವನದೊಬ್ಬನದೇ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಆ ಫೈಲು ಏನು ಅಂತ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಎಲ್‌ಡಿಎಫ್ ಬೆಳೆಯುವುದಕ್ಕೆ ಸಾಮಾನ್ಯ ಕಾರಣ ರಿಕವರಿ ಮಾಡೆಲ್ (ಲಾಗನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳಬೇಕು ಅನ್ನುವ ಸೆಟ್ಟಿಂಗ್) 'ಫುಲ್' ಆಗಿರುವುದು. ಫುಲ್ ಇದ್ದಾಗ ಲಾಗ್ ಬ್ಯಾಕಪ್ ತೆಗೆದರೆ ಮಾತ್ರ ಒಳಗಿನ ಜಾಗ ಮತ್ತೆ ಬಳಕೆಗೆ ಬರುತ್ತದೆ. ಡೇಟಾಬೇಸ್ ಬ್ಯಾಕಪ್ ದಿನಾ ತೆಗೆದರೂ ಸಾಲದು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಎಸ್‌ಕ್ಯುಎಲ್ ಏಜೆಂಟ್ ಇಲ್ಲ, ಹಾಗಾಗಿ ಟಾಸ್ಕ್ ಶೆಡ್ಯೂಲರ್‌ನಲ್ಲಿ ನಾವೇ ಕಟ್ಟಿಕೊಡದಿದ್ದರೆ ಲಾಗ್ ಬ್ಯಾಕಪ್ ತಾನಾಗಿ ನಡೆಯುವುದಿಲ್ಲ. ನಿಮಗೆ ರಾತ್ರಿಯ ಬ್ಯಾಕಪ್ ಸಾಕು, ಒಂದು ದಿನದ ಬಿಲ್ಲನ್ನು ಬೇಕಾದರೆ ಮತ್ತೆ ಹಾಕಿಕೊಳ್ಳುತ್ತೇವೆ ಅನ್ನುವುದಾದರೆ ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ. ಆಮೇಲೆ ಮಾಡೆಲ್ ಅನ್ನು 'ಸಿಂಪಲ್' ಮಾಡಿ, ಲಾಗ್ ಫೈಲನ್ನು ಒಂದೇ ಸಲ ಶ್ರಿಂಕ್ ಮಾಡಿ (ಒಳಗಿನ ಖಾಲಿ ಜಾಗ ಬಿಡಿಸಿ ಚಿಕ್ಕದು ಮಾಡಿ). ದಿನಾ ಶ್ರಿಂಕ್ ಮಾಡುವ ಅಭ್ಯಾಸ ಬೇಡ, ಅದು ಮತ್ತೆ ಬೆಳೆಯಲೇಬೇಕಾಗುತ್ತದೆ. ಸಾಫ್ಟ್‌ವೇರ್ ಕೊಟ್ಟವರಿಗೆ ಒಂದು ಮಾತು ಹೇಳಿಯೇ ಇದನ್ನು ಮಾಡಿ. ಬಿಲ್ಲಿಂಗ್ ನಿಂತಾಗ ಬರುವ ಸಂದೇಶದಲ್ಲಿ 9002 ಇದ್ದರೆ ಲಾಗ್ ತುಂಬಿದೆ ಅಂತ ಅರ್ಥ. 1105 ಇದ್ದರೆ ಡೇಟಾ ಫೈಲಿಗೆ ಜಾಗ ಸಿಗುತ್ತಿಲ್ಲ. ನಿಮ್ಮ ಸರ್ವರ್‌ನಲ್ಲಿ ಓಡುವಂಥ ಎಕ್ಸ್‌ಪ್ರೆಸ್ ಆವೃತ್ತಿಗಳಲ್ಲಿ ಒಂದು ಡೇಟಾಬೇಸಿನ ಡೇಟಾಗೆ ಸಾಮಾನ್ಯವಾಗಿ 10 ಜಿಬಿ ಮಿತಿ ಇದೆ. ಅದು ಮುಗಿದಿದ್ದರೆ ಡಿಸ್ಕ್ ಎಷ್ಟು ಖಾಲಿ ಇದ್ದರೂ ಪ್ರಯೋಜನವಿಲ್ಲ, ಹಳೇ ವರ್ಷದ ಡೇಟಾ ಬೇರೆ ಮಾಡಬೇಕು.

ಡೇಟಾಬೇಸ್ ಫೈಲುಗಳನ್ನು ಡಿ ಡ್ರೈವ್‌ಗೆ ಸಾಗಿಸುವುದೂ ಒಳ್ಳೆಯದೇ. ಭಾನುವಾರ ಅಂಗಡಿ ಮುಚ್ಚಿದಾಗ, ಬ್ಯಾಕಪ್ ಕೈಯಲ್ಲಿಟ್ಟುಕೊಂಡು ಮಾಡಿ. ಸಿ ಡ್ರೈವ್ ಅನ್ನೇ ದೊಡ್ಡದು ಮಾಡೋಣ ಅಂತ ಯಾರಾದರೂ ಹೇಳಬಹುದು. ವಿಂಡೋಸ್‌ನ ಎಕ್ಸ್‌ಟೆಂಡ್ ವಾಲ್ಯೂಮ್ ಕೆಲಸ ಮಾಡಬೇಕಾದರೆ ಖಾಲಿ ಜಾಗ ಅದೇ ಡಿಸ್ಕಿನಲ್ಲಿ, ಸಿ ಪಕ್ಕದಲ್ಲೇ ಬಲಗಡೆ ಇರಬೇಕು. ಅಲ್ಲಿ ಡಿ ಕೂತಿದ್ದರೆ ಆಗುವುದಿಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಸರ್ವರ್ 2012 ಆರ್2ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ದುಡ್ಡು ಕೊಟ್ಟು ಮುಂದುವರಿಸಿಕೊಂಡವರಿಗೆ ಬಿಟ್ಟರೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಹೊಸದು ತೆಗೆದುಕೊಳ್ಳುವಾಗ ಸಿ ಡ್ರೈವ್‌ಗೆ ಕನಿಷ್ಠ 200 ಜಿಬಿ ಬಿಡಿಸಿ, ಡೇಟಾಬೇಸನ್ನು ಮೊದಲ ದಿನದಿಂದಲೇ ಬೇರೆ ಡ್ರೈವ್‌ನಲ್ಲಿ ಇಡಿಸಿ.

ಈಗ ಮೊದಲು ಟೆಂಪ್ ಫೋಲ್ಡರ್ ತೆರೆದು ಕ್ಯಾಬ್ ಫೈಲು ಇದೆಯೋ ಇಲ್ಲವೋ ನೋಡಿ. ಎಲ್‌ಡಿಎಫ್ ಎಷ್ಟು ಜಿಬಿ ಇದೆ ಅನ್ನುವುದನ್ನೂ ಬರೆಯಿರಿ. ಅವೆರಡು ಗೊತ್ತಾದರೆ ಮುಂದಿನದು ಹೇಳುತ್ತೇನೆ.