ಅರ್ಧ ಇಂಚಿನ ತಾಮ್ರದ ಪೈಪಿಗೆ ಯಾವ ಫಿಟಿಂಗ್?

ಸಿಂಕ್ ಕೆಳಗಿನ ಪೈಪ್ ಅಳೆದರೆ 5/8 ಇಂಚು ಬರುತ್ತಿದೆ, ಅಂಗಡಿಯವರು ಅರ್ಧ ಇಂಚು ಅಂತಾರೆ, ಯಾವುದು ಸರಿ ಅಂತ ಕೇಳಿದ್ದೀರಲ್ಲ, ಎರಡೂ ಸರಿ. ಅಮೆರಿಕದ ಮನೆಗಳ ತಾಮ್ರದ ನೀರಿನ ಪೈಪಿನಲ್ಲಿ ಹೊರಗಿನ ಅಳತೆ ಹೆಸರಿನ ಸೈಜಿಗಿಂತ 1/8 ಇಂಚು ಜಾಸ್ತಿಯೇ ಇರುತ್ತದೆ. ಬೆಸುಗೆ ಹಾಕುವುದಾದರೆ ಅರ್ಧ ಇಂಚಿನ ಎಲ್ಬೋನೇ (ಪೈಪ್ ತಿರುಗಿಸುವ ಫಿಟಿಂಗ್) ತನ್ನಿ. ಟೈಪ್ ಎಲ್, ಟೈಪ್ ಎಂ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಪೈಪಿನ ಗೋಡೆಯ ದಪ್ಪ ಮಾತ್ರ ಬೇರೆ, ಫಿಟಿಂಗ್ ಒಂದೇ. ಆದರೆ ಕಂಪ್ರೆಶನ್ ವಾಲ್ವ್ (ಬೆಸುಗೆಯಿಲ್ಲದೆ ನಟ್ ಬಿಗಿದು ಕೂರಿಸುವ ವಾಲ್ವ್) ಮೇಲೆ ಸಾಮಾನ್ಯವಾಗಿ ಹೊರಗಿನ ಅಳತೆ, ಅಂದರೆ 5/8 ಒ.ಡಿ. ಅಂತ ಬರೆದಿರುತ್ತಾರೆ, ಜನ ಎಡವುವುದು ಅಲ್ಲೇ.

ಇನ್ನೊಂದು, ಬೆಸುಗೆಗೆ ಮುಂಚೆ ಪೈಪಿನ ನೀರು ಪೂರ್ತಿ ಬಸಿದಿರಬೇಕು. ಸ್ವಲ್ಪ ಉಳಿದರೂ ಶಾಖವೆಲ್ಲ ಅದಕ್ಕೇ ಹೋಗಿ ಸೋಲ್ಡರ್ (ಕರಗಿಸಿ ಬೆಸುಗೆ ಹಾಕುವ ಲೋಹ) ಸರಿಯಾಗಿ ಒಳಗೆ ಇಳಿಯುವುದಿಲ್ಲ. ತುದಿಯನ್ನು ಹೊಳೆಯುವ ತನಕ ಎಮರಿ ಬಟ್ಟೆಯಲ್ಲಿ ಉಜ್ಜಿ, ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, ಬೆಂಕಿಯನ್ನು ಫಿಟಿಂಗ್ ಮೇಲೆ ಹಿಡಿಯಿರಿ, ಸೋಲ್ಡರ್ ಮೇಲಲ್ಲ. ಕುಡಿಯುವ ನೀರಿನ ಪೈಪ್ ಅಲ್ವಾ, ಸೀಸವಿಲ್ಲದ ಸೋಲ್ಡರನ್ನೇ ಕೇಳಿ ತನ್ನಿ.