ಆ ಏಣಿಯ ಮಾತನ್ನು ಬ್ರ್ಯಾಕೆಟ್‌ನಲ್ಲಿ ಯಾಕೆ ಬರೆದಿರಿ?

ಈ ವಾರ ಒಂದೇ ಪತ್ರಕ್ಕೆ ಉತ್ತರ. ಉಳಿದವರು ದಯವಿಟ್ಟು ಒಂದು ವಾರ ಕಾಯಬೇಕು. ಈ ಪತ್ರ ಓದಿ ನನಗೆ ಹೆದರಿಕೆಯೂ ಆಯಿತು, ಸಿಟ್ಟೂ ಬಂತು.

ಬರೆದವರಿಗೆ 31 ವರ್ಷ. ಸಾಗರದ ಕಡೆಯವರು. ಹೆಗ್ಗೋಡಿನ ನೀನಾಸಮ್‌ನಲ್ಲಿ ರಂಗಶಿಕ್ಷಣ ಮುಗಿಸಿ, ಅಲ್ಲಿನ ಸಂಚಾರಿ ನಾಟಕ ತಂಡ ತಿರುಗಾಟದಲ್ಲಿ ಊರೂರು ಸುತ್ತಿ, ಆಮೇಲೆ ಬೆಂಗಳೂರಿಗೆ ಬಂದರು. ಈಗ ಫ್ರೀಲಾನ್ಸ್ ಲೈಟಿಂಗ್ ಡಿಸೈನರ್. ಹವ್ಯಾಸಿ ತಂಡಗಳ ನಾಟಕಗಳಿಗೆ ಬೆಳಕಿನ ವಿನ್ಯಾಸ ಮಾಡುತ್ತಾರೆ. ಆದರೆ ಮನೆ ಬಾಡಿಗೆ ನಾಟಕದಿಂದ ಹುಟ್ಟುವುದಿಲ್ಲ. ಅದಕ್ಕೆ ಕಾರ್ಪೊರೇಟ್ ಇವೆಂಟ್, ಮದುವೆ ಮನೆಯ ಸಂಗೀತ್, ಕಾಲೇಜ್ ಫೆಸ್ಟ್ ಅಂತ ಲೈಟುಗಳನ್ನು ನಿಯಂತ್ರಿಸುವ ಕನ್ಸೋಲ್‌ನ ಪ್ರೋಗ್ರಾಮರ್ ಆಗಿಯೂ ಹೋಗುತ್ತಾರೆ. ಸೀಸನ್‌ನಲ್ಲಿ ತಿಂಗಳಿಗೆ 60,000 ದಾಟುತ್ತದೆ. ಆಷಾಢದಲ್ಲಿ ಹತ್ತು ಸಾವಿರ ಸಿಕ್ಕರೆ ಪುಣ್ಯ.

ಮದುವೆಯಾಗಿ ಎರಡು ವರ್ಷ. ಹೆಂಡತಿಯ ಅಣ್ಣ, ಅಂದರೆ ಇವರ ಭಾವ, ವೈಟ್‌ಫೀಲ್ಡಿನ ಒಂದು ಆಡಿಯೋ ವಿಡಿಯೋ ಕಂಪನಿಯಲ್ಲಿ ಕೆಲಸ ಗೊತ್ತು ಮಾಡಿದ್ದಾರೆ. ತಿಂಗಳಿಗೆ 42,000, ಪಿಎಫ್, ಆರೋಗ್ಯ ವಿಮೆ, ವಾರಕ್ಕೊಂದು ರಜೆ. "ಲೈಟ್ ಹಾಕೋದು ಆರಿಸೋದು, ಇದನ್ನೇ ಎಷ್ಟು ದಿನ ಮಾಡ್ತೀರಾ?" ಅಂದರಂತೆ. ಆ ಮಾತು ಚುಚ್ಚಿದೆ. ಇನ್ನೊಂದು ಕಡೆ, ಇವರು ಅಣ್ಣ ಎಂದೇ ಕರೆಯುವ ನಿರ್ದೇಶಕರೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಮೊದಲ ಅವಕಾಶ ಕೊಟ್ಟವರು. ಅವರು ನಾಲ್ಕು ಮರುಪ್ರದರ್ಶನಗಳ ದುಡ್ಡು ಬಾಕಿ ಉಳಿಸಿದ್ದಾರೆ. ಒಮ್ಮೆ ಇವರು ಬೇರೆ ಕಡೆ ಇದ್ದಾಗ ನಾಟಕದ ಬೆಳಕಿನ ವಿನ್ಯಾಸವೆಲ್ಲ ಇರುವ ಇವರ ಶೋ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಬೇರೆ ಹುಡುಗನ ಕೈಲಿ ನಾಟಕ ನಡೆಸಿದ್ದಾರೆ. ಇವರ ಪ್ರಶ್ನೆ ಇಷ್ಟು: ಕೆಲಸಕ್ಕೆ ಸೇರಿ ರಂಗಭೂಮಿ ಬಿಡಲಾ? ಕಷ್ಟಪಟ್ಟಾದರೂ ಇಲ್ಲೇ ಉಳಿಯಲಾ?

ನಾಲ್ಕು ಪುಟದ ಪತ್ರ. ಮೂರನೇ ಪುಟದಲ್ಲಿ ಬ್ರ್ಯಾಕೆಟ್ ಹಾಕಿ ಹೀಗೆ ಬರೆದಿದ್ದೀರಿ: "ಹೋದ ತಿಂಗಳು ಫೋಕಸ್ ಮಾಡುವಾಗ ಏಣಿ ಮೇಲೆ ಒಂದು ಕ್ಷಣ ಕಣ್ಣು ಹತ್ತಿತು. ಏನೂ ಆಗಲಿಲ್ಲ. ಮನೆಯಲ್ಲಿ ಹೇಳಿಲ್ಲ."

ಫೋಕಸ್ ಅಂದರೆ ಮೇಲೆ ಹತ್ತಿ ಒಂದೊಂದೇ ಲೈಟನ್ನು ಬೇಕಾದ ಕಡೆಗೆ ತಿರುಗಿಸಿ ಕೂರಿಸುವುದು. ನನಗೆ ನಿಮ್ಮ ಪತ್ರದಲ್ಲಿ ಕಂಡಿದ್ದು ಆ ಮೂರು ವಾಕ್ಯಗಳೇ. ಮೇಲ್ ಮಾಡಿ ಆ ದಿನದ ವಿವರ ಕೇಳಿದೆ. ನೀವು ಸಂಕೋಚದಿಂದಲೇ ಕೊಟ್ಟಿರಿ. ಹಿಂದಿನ ದಿನ ಬೆಳಗ್ಗೆ ಏಳಕ್ಕೆ ಎದ್ದು ಒಂದು ಹೋಟೆಲ್‌ನ ಇವೆಂಟ್‌ಗೆ ಹೋಗಿದ್ದಿರಿ. ಅದು ಮುಗಿದಾಗ ಮಧ್ಯರಾತ್ರಿ. ಲೈಟ್ ತೂಗುಹಾಕುವ ಲೋಹದ ಚೌಕಟ್ಟು, ಅಂದರೆ ಟ್ರಸ್ ಬಿಚ್ಚಿ, ತಾವೇ ತಿರುಗುವ ಲೈಟುಗಳಾದ ಮೂವಿಂಗ್ ಹೆಡ್‌ಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಲಾರಿಗೇರಿಸುವಾಗ ನಾಲ್ಕು ಗಂಟೆ. ಮನೆಗೆ ಹೋಗಿ ಸ್ನಾನ ಮಾಡಿ, ಎಂಟೂವರೆಗೆ ನಾಟಕದ ಹಾಲ್‌ನಲ್ಲಿದ್ದಿರಿ. ಹನ್ನೊಂದರ ಹೊತ್ತಿಗೆ ಹದಿನಾರು ಅಡಿ ಎತ್ತರದಲ್ಲಿ, ಒಂದು ಕೈಯಲ್ಲಿ ಪೈಪ್, ಇನ್ನೊಂದು ಕೈಯಲ್ಲಿ ಬಿಸಿಯಾದ ಫ್ರೆನೆಲ್ ಲೈಟ್. ಕಣ್ಣು ಹತ್ತಿದ್ದು ಆಗ. ಎದ್ದು 28 ಗಂಟೆಯಾಗಿತ್ತು.

ಇದನ್ನು ಸುಸ್ತು ಅಂತ ಕರೆದು ಮುಂದೆ ಹೋಗಬೇಡಿ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಜನರನ್ನು ನಿದ್ದೆಗೆಡಿಸಿ, ಕೈ ಕಣ್ಣುಗಳ ಹೊಂದಾಣಿಕೆ ಅಳೆದರು. ಸತತ 17 ಗಂಟೆ ಎಚ್ಚರ ಇದ್ದವರ ಕೈ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಆಲ್ಕೋಹಾಲ್ ಇದ್ದವರ ಹಾಗೆ ತಡವರಿಸಿತು. 24 ಗಂಟೆಗೆ ಅದು ಸುಮಾರು 100 ಮಿಲಿಗ್ರಾಂಗೆ ಸಮ. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ದಾಟಿದರೆ ಪೊಲೀಸರು ಗಾಡಿ ಹಿಡಿಯುತ್ತಾರೆ. ಕುಡಿದ ಮನುಷ್ಯನನ್ನು ನೀವು ಆ ಏಣಿ ಹತ್ತಲು ಬಿಡುತ್ತಿದ್ದಿರಾ? ಖಂಡಿತ ಇಲ್ಲ. ಕೈ ಹಿಡಿದು ಕೂರಿಸಿ, ನೀರು ಕೊಟ್ಟು, ನೀವೇ ಹತ್ತುತ್ತಿದ್ದಿರಿ.

ಇನ್ನೂ ಒಂದು ಕೇಳಿದೆ. ಏಣಿ ಯಾರು ಹಿಡಿದಿದ್ದರು? ನಿಮ್ಮ ಉತ್ತರ ಹೀಗಿತ್ತು: "ಸೈನಿಕನ ಪಾತ್ರ ಮಾಡುವ ಹುಡುಗ ಹಿಡಿದಿದ್ದ. ಅಣ್ಣ ಸೀನ್ ತೆಗೆಯೋಣ ಬಾ ಅಂತ ಕರೆದರು, ಹೋದ."

ನನ್ನ ಸಿಟ್ಟೆಲ್ಲ ಈ ಮನುಷ್ಯನ ಮೇಲೆ. ದುಡ್ಡು ಬಾಕಿ ಇಟ್ಟಿದ್ದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಹವ್ಯಾಸಿ ತಂಡದ ಲೆಕ್ಕ ನನಗೂ ಗೊತ್ತು. ಟಿಕೆಟ್ ಹಣ ಹಾಲ್ ಬಾಡಿಗೆಗೇ ಹೋಗುತ್ತದೆ, ನಿರ್ದೇಶಕರೇ ಕೈಯಿಂದ ಹಾಕಿರುತ್ತಾರೆ. ಆದರೆ ಮೇಲೆ ಒಬ್ಬ ಜೀವ ಇರುವಾಗ ಏಣಿ ಹಿಡಿದವನನ್ನು ಕರೆಯಲು ದುಡ್ಡಿನ ಅಡಚಣೆ ಕಾರಣ ಅಲ್ಲ. ತಲೆ ಎತ್ತಿ ನೋಡಿದ್ದರೆ ಸಾಕಿತ್ತು. ನಿಮ್ಮನ್ನು ತಮ್ಮ ಅನ್ನುತ್ತಾರೆ, ಅಲ್ವಾ? ಅವರ ಮನೆಯ ತಮ್ಮ ಅಲ್ಲಿ ನಿಂತಿದ್ದರೆ ಸೈನಿಕನ ಸೀನ್ ಹತ್ತು ನಿಮಿಷ ಕಾಯುತ್ತಿತ್ತು.

ಶೋ ಫೈಲ್ ವಿಷಯವೂ ಇದೇ ಜಾತಿಯದು. ಇಬ್ಬರು ಲೈಟಿಂಗ್‌ನವರ ಹತ್ತಿರ ಮಾತಾಡಿ ನಾನು ತಿಳಿದುಕೊಂಡೆ. ಆ ಫೈಲ್ ಒಳಗೆ ಇರುವುದು ಬಟನ್ ಒತ್ತುವ ಪಟ್ಟಿ ಅಲ್ಲ. ಯಾವ ಮಾತಿಗೆ ಯಾವ ಬೆಳಕು, ಎಷ್ಟು ಸೆಕೆಂಡಿನಲ್ಲಿ ಏರಬೇಕು, ಎಷ್ಟರಲ್ಲಿ ಇಳಿಯಬೇಕು, ನಟಿ ಉಸಿರು ಎಳೆದುಕೊಳ್ಳುವವರೆಗೆ ಎಲ್ಲಿ ತಡೆಯಬೇಕು, ಎಲ್ಲ ಅದರಲ್ಲಿದೆ. ವಾರಗಟ್ಟಲೆ ರಿಹರ್ಸಲ್‌ನಲ್ಲಿ ಮೂಲೆಯಲ್ಲಿ ಕೂತು ನೋಡಿದ್ದರಿಂದ ಬಂದಿದ್ದು. ಅಷ್ಟಾಗಿಯೂ ಆ ಫೈಲ್ ಇನ್ನೊಂದು ಹಾಲ್‌ನಲ್ಲಿ ಸುಮ್ನೆ ನಡೆಯುವುದಿಲ್ಲ. ಯಾವ ಚಾನೆಲ್‌ಗೆ ಯಾವ ಲೈಟ್ ಎಂಬ ಜೋಡಣೆಯನ್ನು, ಅಂದರೆ ಪ್ಯಾಚನ್ನು, ಅಲ್ಲಿನ ಲೈಟುಗಳಿಗೆ ತಕ್ಕಂತೆ ಬದಲಿಸಬೇಕು, ಫೋಕಸ್ ಹೊಸದಾಗಿ ಮಾಡಬೇಕು, ಮೂವಿಂಗ್ ಹೆಡ್‌ಗಳಿಗೆ ಜಾಗ ಮತ್ತೆ ತೋರಿಸಬೇಕು. ಆ ಹುಡುಗನಿಗೆ ಅದು ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ನಿಮಗೇ ಫೋನ್ ಬಂತು. ನೀವು ಗಂಟೆಗಟ್ಟಲೆ ಫೋನಿನಲ್ಲಿ ಹೇಳಿಕೊಟ್ಟಿರಿ, ಬಿಟ್ಟಿಯಾಗಿ. ನಿಮಗೆ ಕೊಡಬೇಕಾದ ದುಡ್ಡು ಉಳಿಸಿಕೊಳ್ಳಲು ಹೋದವರು ನಿಮ್ಮ ನಿದ್ದೆಯನ್ನೂ ತೆಗೆದುಕೊಂಡರು.

ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು. ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯದ ಯಾವ ಸಂಪಾದನೆಯ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ. ನರ್ಸ್‌ಗಳಿಗೆ ಬರೆದಿದ್ದೇನೆ, ಕ್ಯಾಬ್ ಓಡಿಸುವವರಿಗೆ ಬರೆದಿದ್ದೇನೆ, ಹೊಸದಾಗಿ ತಾಯಿಯಾದವರಿಗಂತೂ ಎಷ್ಟು ಸಲವೋ. ನಿಮ್ಮ ಕಸುಬಿನಲ್ಲಿ ಈ ಮಾತಿಗೆ ಇನ್ನೂ ಜಾಸ್ತಿ ತೂಕ ಇದೆ. ಯಾಕೆಂದರೆ ನಿಮ್ಮಲ್ಲಿ ದಿನಗಳು ಅಂಟಿಕೊಂಡೇ ಬರುತ್ತವೆ. ಇವೆಂಟ್ ಅಂದರೆ ರಾತ್ರಿ ಬಿಚ್ಚುವುದು. ನಾಟಕ ಅಂದರೆ ಬೆಳಗ್ಗೆ ಕಟ್ಟುವುದು. ಹಾಲ್ ಒಂದೇ ದಿನಕ್ಕೆ ಸಿಕ್ಕಿರುತ್ತದೆ. ಆ ಒಂದೇ ದಿನದಲ್ಲಿ ಲೈಟ್ ಕಟ್ಟಬೇಕು, ಕೇಬಲ್ ಎಳೆಯಬೇಕು, ಕನ್ಸೋಲ್ ಗುರುತಿಸುವ ಹಾಗೆ ಪ್ರತಿ ಲೈಟಿಗೂ ಅಡ್ರೆಸ್ ಎಂಬ ಸಂಖ್ಯೆ ಹಾಕಬೇಕು, ಫೋಕಸ್, ಯಾವ ಮಾತಿಗೆ ಬೆಳಕು ಬದಲಾಗಬೇಕು ಎಂಬ ಕ್ಯೂ, ಗ್ರ್ಯಾಂಡ್ ರಿಹರ್ಸಲ್, ಆಮೇಲೆ ಶೋ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ. ಪ್ರೇಕ್ಷಕಿಯಾಗಿ ನನಗೆ ಆ ಶಿಸ್ತು ತುಂಬಾ ಇಷ್ಟ. ಆದರೆ ಗಂಟೆಗೆ ಸರಿಯಾಗಿ ಪರದೆ ಏಳಬೇಕಾದರೆ ಬೆಳಗ್ಗೆಯಿಂದ ಓಡುವವರಲ್ಲಿ ಲೈಟಿಂಗ್‌ನವರೇ ಮುಂದೆ ಅನ್ನುವುದು ಈಗ ತಿಳಿಯಿತು.

ಅಂಥ ದಿನ ತಲೆ ಎಷ್ಟು ಚುರುಕಾಗಿರಬೇಕು! ಕನ್ಸೋಲ್‌ನ ಆದೇಶವನ್ನು ಲೈಟುಗಳಿಗೆ ಒಯ್ಯುವ ಒಂದು ಡಿಎಂಎಕ್ಸ್ ಲೈನಿನಲ್ಲಿ 512 ಚಾನೆಲ್. ಹಳೆಯ ಪಾರ್ ಲೈಟಿಗೆ ಬೆಳಕು ಏರಿಸಿ ಇಳಿಸುವ ಒಂದು ಡಿಮ್ಮರ್ ಚಾನೆಲ್ ಸಾಕು. ಮೂವಿಂಗ್ ಹೆಡ್ ಒಂದಕ್ಕೇ ಇಪ್ಪತ್ತು, ಮೂವತ್ತು ಬೇಕಾಗಬಹುದು. ಅಡ್ರೆಸ್‌ನಲ್ಲಿ ಒಂದು ಅಂಕಿ ತಪ್ಪಿದರೆ ದುಃಖದ ದೃಶ್ಯದಲ್ಲಿ ಲೈಟ್ ಗಿರಗಿರ ತಿರುಗುತ್ತದೆ. ಪೈಪಿಗೆ ಹಾಕಿದ ಕ್ಲ್ಯಾಂಪ್ ಸರಿಯಾಗಿ ಬಿಗಿದಿದ್ದೀರಾ, ಸೇಫ್ಟಿ ಚೈನ್ ಸಿಕ್ಕಿಸಿದ್ದೀರಾ ಎಂಬುದು ಅದಕ್ಕಿಂತ ದೊಡ್ಡ ಮಾತು. ಆ ಲೈಟಿನ ಕೆಳಗೆ ನಟರು ನಿಲ್ಲುತ್ತಾರೆ. ನಿದ್ದೆಗೆಟ್ಟ ನೀವು ಅಪಾಯಕ್ಕೆ ಒಡ್ಡುವುದು ನಿಮ್ಮೊಬ್ಬರನ್ನೇ ಅಲ್ಲ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು ಅನ್ನಿಸಿತು.

ತಿರುಗಾಟದ ದಿನಗಳಲ್ಲಿ ಇಷ್ಟು ದಣಿವಾಗುತ್ತಿರಲಿಲ್ಲ ಅಂತ ಬರೆದಿದ್ದೀರಿ. ವಯಸ್ಸು ಕಾರಣ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿ ನಟರೂ ಕೇಬಲ್ ಎಳೆಯುತ್ತಿದ್ದರು, ನೀವೂ ಬಣ್ಣ ಹಚ್ಚುತ್ತಿದ್ದಿರಿ, ಎಲ್ಲರೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುತ್ತಿದ್ದಿರಿ. ನೀವೇ ಹೇಳಿದ ಮಾತಿದು. ಬೆಂಗಳೂರಿನಲ್ಲಿ ನೀವು ಒಬ್ಬರೇ. ನಿನ್ನೆ ರಾತ್ರಿ ನೀವು ಎಲ್ಲಿದ್ದಿರಿ ಅಂತ ಇವತ್ತಿನ ತಂಡಕ್ಕೆ ಗೊತ್ತಿಲ್ಲ. ನೀವೂ ಹೇಳುವುದಿಲ್ಲ. ಹೇಳಿದರೆ ಮುಂದಿನ ಸಲ ಕರೆಯುವುದಿಲ್ಲವೇನೋ ಎಂಬ ಭಯ.

ಇನ್ನು ನಿಮ್ಮ ಭಾವ. ಪತ್ರದ ತುಂಬ ಅವರನ್ನು ಕಲೆಯ ಶತ್ರು ಮಾಡಿದ್ದೀರಿ. ಅವರ ಮಾತು ತಪ್ಪು, ಒಪ್ಪುತ್ತೇನೆ. ಬೆಳಕು ಏನು ಮಾಡಬಲ್ಲದು ಅಂತ ಅವರು ನೋಡಿಲ್ಲ. 1959ರಲ್ಲಿ ಕಲ್ಕತ್ತದ ಮಿನರ್ವಾ ಥಿಯೇಟರಿನಲ್ಲಿ ಬೆಳಕಿನ ವಿನ್ಯಾಸಕ ತಾಪಸ್ ಸೇನ್ ಅವರು ಕಲ್ಲಿದ್ದಲು ಗಣಿಗೆ ನೀರು ನುಗ್ಗಿ ತುಂಬುವುದನ್ನು ಬೆಳಕಿನಲ್ಲೇ ತೋರಿಸಿದರು. ರಂಗಭೂಮಿಯವರು ಅದನ್ನು ಈಗಲೂ ನೆನೆಯುತ್ತಾರೆ. ಸಂಗೀತ ನಾಟಕ ಅಕಾಡೆಮಿ ಬೆಳಕಿನ ವಿನ್ಯಾಸಕರಿಗೂ ಪ್ರಶಸ್ತಿ ಕೊಡುತ್ತದೆ. ಭಾವನನ್ನು ಒಮ್ಮೆ ನಿಮ್ಮ ನಾಟಕಕ್ಕೆ ಕರೆದುಕೊಂಡು ಹೋಗಿ, ಕನ್ಸೋಲ್ ಪಕ್ಕ ಕೂರಿಸಿ. ಆದರೆ ಆ ರಾತ್ರಿ ಹೋಟೆಲಿನಿಂದ ನಾಲ್ಕು ಗಂಟೆಗೆ ನಿಮ್ಮನ್ನು ಮನೆಗೆ ಕರೆತಂದವರು ಯಾರು? ಭಾವ. "ಇವತ್ತು ಹೋಗಬೇಡಿ, ಮಲಗಿ" ಅಂದವರು ಯಾರು? ಅವರೇ. ನೀವು ಬರೆದ ಅಷ್ಟೂ ಜನರಲ್ಲಿ ನಿಮ್ಮ ನಿದ್ದೆಯ ಬಗ್ಗೆ ಕೇಳಿದವರು ಅವರೊಬ್ಬರೇ. ನನ್ನ ಸಹಾನುಭೂತಿ ಅವರ ಕಡೆಗೇ ಹೆಚ್ಚು ಹೋಗುತ್ತದೆ, ಕ್ಷಮಿಸಿ.

ದುಡ್ಡಿನ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಇವೆಂಟ್ ಕಂಪನಿಗಳು ದುಡ್ಡು ಕೊಡುವಾಗಲೇ ತೆರಿಗೆ, ಅಂದರೆ ಟಿಡಿಎಸ್, ಹಿಡಿದು ಕೊಡುತ್ತಾರೆ ಅಂತ ಗೊಣಗಿದ್ದೀರಿ. ಐಟಿ ರಿಟರ್ನ್ ಸಲ್ಲಿಸಿ. ನೀವು ಕಟ್ಟಬೇಕಾದ ತೆರಿಗೆಗಿಂತ ಹೆಚ್ಚು ಹಿಡಿದಿದ್ದರೆ ವಾಪಸ್ ಬರುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿಕೊಳ್ಳಿ. ಅದು ಪುಕ್ಕಟೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ನಿಮ್ಮಂಥವರ ಬಿಲ್ಲನ್ನು 45 ದಿನಕ್ಕಿಂತ ಹೆಚ್ಚು ತಡೆಹಿಡಿದರೆ ಬಡ್ಡಿ ಸೇರಿಸಿ ಕೊಡಬೇಕು. ಕಂಪನಿಗಳಿಗೆ ಬಿಲ್ ಕಳಿಸುವಾಗ ಆ ನೋಂದಣಿ ಸಂಖ್ಯೆ ಮೇಲೇ ಇರಲಿ.

ಈಗ ನಿಮ್ಮ ಪ್ರಶ್ನೆ. ಸೇರಲಾ, ಉಳಿಯಲಾ? ಇವತ್ತು ನಾನು ಉತ್ತರ ಕೊಡುವುದಿಲ್ಲ. ನೀವೂ ಇವತ್ತು ತೀರ್ಮಾನ ಮಾಡಬೇಡಿ. ನಿಮ್ಮ ಕೈಯಲ್ಲಿರುವ ಲೆಕ್ಕವೇ ತಪ್ಪು. 60,000 ದುಡಿದ ತಿಂಗಳಲ್ಲಿ ಎಷ್ಟು ದಿನ ನಿದ್ದೆ ಇಲ್ಲದೆ ಕೆಲಸಕ್ಕೆ ಹೋಗಿದ್ದಿರಿ? ಆ ದಿನಗಳನ್ನು ಹೊಡೆದುಹಾಕಿ ಕೂಡಿಸಿ ನೋಡಿ. ಆಷಾಢವನ್ನೂ ಸೇರಿಸಿ ವರ್ಷಕ್ಕೆ ಹಂಚಿ. ಅದು ಭಾವ ಹೇಳಿದ 42,000ಕ್ಕಿಂತ ಕಡಿಮೆ ಬಂದರೂ ಬರಬಹುದು. ಬಂದರೆ ಆ ಕೆಲಸಕ್ಕೆ ತಲೆ ತಗ್ಗಿಸದೆ ಸೇರಿ, ರಜೆಯ ದಿನ ವರ್ಷಕ್ಕೆ ಎರಡೋ ಮೂರೋ ನಾಟಕ ಮಾಡಿ. ಜಾಸ್ತಿ ಬಂದರೆ ಫ್ರೀಲಾನ್ಸ್ ಆಗಿಯೇ ಇರಿ. ಎರಡೂ ಮರ್ಯಾದೆಯ ದಾರಿಯೇ.

ಅಲ್ಲಿಯವರೆಗೆ ಪಾಲಿಸಬೇಕಾದ್ದು ಒಂದೇ. ರಾತ್ರಿ ಬಿಚ್ಚುವ ಕೆಲಸ ಇದ್ದರೆ ಅದರ ಮರುದಿನ ಯಾವ ಕೆಲಸವನ್ನೂ ಒಪ್ಪಬೇಡಿ. ಯಾರು ಕೇಳಿದರೂ, ಎಷ್ಟೇ ಕೊಟ್ಟರೂ, ಎಂಥ ನಾಟಕವಾದರೂ. ಇವೆಂಟ್‌ನವರಿಗೆ ರೇಟ್ ಹೇಳುವಾಗ ಆ ಮರುದಿನವನ್ನೂ ಸೇರಿಸಿ ಹೇಳಿ. ಈಗ 6,000 ಕೇಳುವ ಕಡೆ 9,000 ಕೇಳಿ. ಕೆಲವರು ಒಪ್ಪುವುದಿಲ್ಲ. ಕೆಲವರು ಒಪ್ಪುತ್ತಾರೆ, ಯಾಕೆಂದರೆ ಮಧ್ಯರಾತ್ರಿಯವರೆಗೆ ತಪ್ಪಿಲ್ಲದೆ ಕನ್ಸೋಲ್ ನಡೆಸುವವರು ಅವರಿಗೂ ಬೀದಿಗೊಬ್ಬರಂತೆ ಸಿಗುವುದಿಲ್ಲ.

ಪತ್ರದ ಕೊನೆಯಲ್ಲಿ, ಬರುವ 17ಕ್ಕೆ ದೇವನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಇವೆಂಟ್, 18ಕ್ಕೆ ಅಣ್ಣನ ಹೊಸ ನಾಟಕ ಅಂತ ಬರೆದಿದ್ದೀರಿ. ಎರಡರಲ್ಲಿ ಒಂದನ್ನು ಬಿಡಿ. ಇವೆಂಟ್‌ಗೆ ಅಡ್ವಾನ್ಸ್ ತೆಗೆದುಕೊಂಡಾಗಿದೆ ಅಂದಿರಿ, ಹಾಗಾದರೆ ಬಿಡಬೇಕಾದ್ದು 18. ಇವತ್ತೇ ಅಣ್ಣನಿಗೆ ಫೋನ್ ಮಾಡಿ. ಕ್ಯೂ ಶೀಟ್ ಬರೆದುಕೊಡುತ್ತೇನೆ, ಬೇರೆಯವರನ್ನು ಗೊತ್ತು ಮಾಡಿಕೊಳ್ಳಿ, ಇನ್ನೂ ಸಮಯ ಇದೆ ಅಂತ ಹೇಳಿ. ಕಾರಣ ಕೇಳಿದರೆ ಏಣಿಯ ವಿಷಯವನ್ನೇ ಹೇಳಿ. ಆದರೆ ಅವರಿಗೆ ಫೋನ್ ಮಾಡುವ ಮೊದಲು ಅದನ್ನು ನಿಮ್ಮ ಹೆಂಡತಿಗೆ ಹೇಳಿರಬೇಕು.